ಅರಮನೆಯಲ್ಲಿ ಉಪ್ಪಿನಕಾಯಿ ಜಾಡಿ

ಕನ್ಯಾಕುಮಾರಿಯಲ್ಲಿ ಸೂರ್ಯೋದಯ ಮೋಡದ ಪಾಲಾಯಿತು. ಆ ಬೇಸರ ಕಳೆಯಲು ಪದ್ಮನಾಭಪುರಂ ಅರಮನೆಗೆ ಹೊರಟೆವು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ತಿರುವಾಂಕೂರಿನ ರಾಜಧಾನಿಯಾಗಿದ್ದ ಊರು ಅದು. 1956ರಲ್ಲಿ ಊರು ತಮಿಳುನಾಡಿಗೆ ಸೇರಿದರೂ ಅರಮನೆಯನ್ನು ಇಂದಿಗೂ ನೋಡಿಕೊಳ್ಳುವುದು ಕೇರಳ ಸರ್ಕಾರವೇ. ಟಿಕೆಟ್ ಕೊಟ್ಟವರು ಮಲಯಾಳದಲ್ಲಿ, ಎಳನೀರು ಮಾರುವವನು ತಮಿಳಿನಲ್ಲಿ ಮಾತಾಡಿದರು. ಅಮ್ಮ ಇಬ್ಬರಿಗೂ ಕನ್ನಡದಲ್ಲೇ ಉತ್ತರ ಕೊಟ್ಟಳು.

ಅಮ್ಮನಿಗೆ ಅರಮನೆಯೆಂದರೆ ಮೈಸೂರಿನದು. ಇಲ್ಲಿ ಗುಮ್ಮಟವಿಲ್ಲ, ಥಳಕಿಲ್ಲ. ಹೆಂಚಿನ ಮಾಡು, ತಗ್ಗು ಬಾಗಿಲು, ಕಣ್ಣು ಹಾಯಿಸಿದಲ್ಲೆಲ್ಲ ಮರ. "ನಮ್ಮ ತೀರ್ಥಹಳ್ಳಿ ಕಡೆಯ ದೊಡ್ಡ ಮನೆಯ ಹಾಗಿದೆಯಲ್ಲೋ" ಎಂದಳು. ಹೊಗಳಿದಳೋ ಮೂದಲಿಸಿದಳೋ ಗೊತ್ತಾಗಲಿಲ್ಲ.

ಚಪ್ಪಲಿ ಹೊರಗೆ ಬಿಟ್ಟಿದ್ದೆವು. ರಾಜ ಮಂತ್ರಾಲೋಚನೆ ನಡೆಸುತ್ತಿದ್ದ ಕೋಣೆಯ ಕರಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಸುಣ್ಣ, ಸುಟ್ಟ ತೆಂಗಿನ ಕರಟದ ಮಸಿ, ಮೊಟ್ಟೆಯ ಬಿಳಿಭಾಗ ಕಲಸಿ ಮಾಡಿದ್ದು ಎಂದು ಮಾರ್ಗದರ್ಶಿ ಹೇಳಿದ್ದನ್ನು ನಾನು ಕನ್ನಡಿಸಿದೆ. ಮೊಟ್ಟೆ ಎಂದದ್ದೇ ತಡ, ಅಮ್ಮ ಸೆರಗು ಹಿಡಿದು ಒಂದು ಕಾಲು ಎತ್ತಿದಳು. ಮರುಗಳಿಗೆಯಲ್ಲೇ ಇಳಿಸಿದಳು. "ತಣ್ಣಗಿದೆ, ಇರಲಿ" ಎಂದು ಅಂಗಾಲನ್ನು ಪೂರ್ತಿ ಊರಿ ನಿಂತಳು.

ನನಗೆ ಅರವತ್ನಾಲ್ಕು ಬಗೆಯ ಔಷಧಿ ಮರದ ತುಂಡುಗಳಿಂದ ಮಾಡಿದ್ದೆನ್ನುವ ರಾಜನ ಮಂಚ ನೋಡುವ ಅವಸರ. ನೋಡಿದೆ. ಮಂಚ, ಅಷ್ಟೆ. ಅಮ್ಮ ಮಾತ್ರ ಊಟ್ಟುಪುರದಲ್ಲಿಯೇ ಉಳಿದಿದ್ದಳು. ಸಾವಿರ ಜನ ಒಂದೇ ಪಂಕ್ತಿಗೆ ಕೂರಬಹುದಾಗಿದ್ದ ಊಟದ ಶಾಲೆ ಅದು. ಈಗ ಎಲೆಯಿಲ್ಲ, ಸದ್ದಿಲ್ಲ. ಅವಳು ನಿಂತದ್ದು ದೊಡ್ಡ ಉಪ್ಪಿನಕಾಯಿ ಭರಣಿಗಳ ಎದುರಿಗೆ. ಕಂದು ಹೊಳಪು, ಉಬ್ಬಿದ ಹೊಟ್ಟೆ, ಬಟ್ಟೆ ಕಟ್ಟಿ ಬಿಗಿಯಲೆಂದೇ ಕತ್ತಿನ ಸುತ್ತ ಅಂಚು.

"ಅಜ್ಜಿಯ ಜಾಡಿಯೂ ಹೀಗೇ ಇತ್ತು. ಮಿಡಿ ತೆಗೆಯುವಾಗ ಒದ್ದೆ ಕೈ ತಾಗಿಸಿದರೆ ಬೆನ್ನಿಗೆ ಬೀಳುತ್ತಿತ್ತು" ಎಂದಳು.

ಮನೆ ಬದಲಿಸುವಾಗ ಅದನ್ನು ಹಳೆ ಸಾಮಾನಿನವನಿಗೆ ಎತ್ತಿ ಕೊಟ್ಟವನು ನಾನು. ಇಡಲು ಜಾಗವಿಲ್ಲ ಎಂದಿದ್ದೆ. ಅವಳು ಆಗ ಏನೂ ಅಂದಿರಲಿಲ್ಲ.

ಬಸ್ಸಿನಲ್ಲಿ ನಾಗರಕೋಯಿಲು ದಾಟಿದ ಮೇಲೆ, ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಅವನು ಎಷ್ಟು ಕೊಟ್ಟಿದ್ದ?"

"ನಲವತ್ತು ರೂಪಾಯಿ" ಎಂದೆ.