ಬಾಸೆಲ್ ಹುಡುಗ, ವಿಜಯಪುರದ ಹಾಸ್ಟೆಲ್

ನಾನಿರುವ ಸ್ವಿಟ್ಜರ್ಲೆಂಡಿನ ಬಾಸೆಲ್ ಔಷಧ ಕಂಪನಿಗಳ ಊರು. ವಿಜಯಪುರದಿಂದ ನನ್ನನ್ನು ಇಲ್ಲಿಗೆ ಎಳೆದು ತಂದದ್ದೂ ಅದೇ ಕೆಲಸ. ಟೆನಿಸ್ ಆಟಗಾರ ರೋಜರ್ ಫೆಡರರ್ ಅಪ್ಪ-ಅಮ್ಮನೂ ಇದೇ ಲೈನಿನವರು ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಅಪ್ಪ ಸ್ವಿಸ್, ಅಮ್ಮ ದಕ್ಷಿಣ ಆಫ್ರಿಕಾದವರು. ಇಬ್ಬರೂ ಸೀಬಾ-ಗೈಗಿ ಕಂಪನಿಯ ನೌಕರರು. ತಿಂಗಳ ಸಂಬಳದ ಮನೆ. 1981ರ ಆಗಸ್ಟ್ 8ರಂದು ಹುಟ್ಟಿದ ಮಗ ಎಂಟನೇ ವಯಸ್ಸಿಗೆ ಊರಿನ ಓಲ್ಡ್ ಬಾಯ್ಸ್ ಟೆನಿಸ್ ಕ್ಲಬ್ ಸೇರಿದ. ಜೊತೆಗೆ ಫುಟ್‌ಬಾಲ್ ಹುಚ್ಚೂ ಇತ್ತು, ಹನ್ನೆರಡರ ಹೊತ್ತಿಗೆ ಅದನ್ನು ಬಿಟ್ಟ. ಬಾಸೆಲ್‌ನ ದೊಡ್ಡ ಟೂರ್ನಿಯಲ್ಲಿ ಚೆಂಡು ಹೆಕ್ಕುವ ಹುಡುಗನಾಗಿಯೂ ಓಡಾಡಿದ. ಮುಂದೆ ಅದೇ ಟೂರ್ನಿಯನ್ನು 10 ಸಲ ಗೆದ್ದ, ಫೈನಲ್ ಮುಗಿದ ಮೇಲೆ ಚೆಂಡು ಹೆಕ್ಕುವ ಮಕ್ಕಳ ಜೊತೆ ಕೂತು ಪಿಜ್ಜಾ ತಿನ್ನುವುದನ್ನು ರೂಢಿ ಮಾಡಿಕೊಂಡ.

ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಅವನು ಗೆದ್ದ 20 ಗ್ರ್ಯಾಂಡ್ ಸ್ಲಾಮ್‌ಗಳ ಕಥೆ ನಿಮಗೆಲ್ಲ ಗೊತ್ತೇ ಇದೆ. ನನಗೆ ಹಿಡಿಸಿದ್ದು ಅದಕ್ಕೂ ಮುಂಚಿನದು. 14 ವರ್ಷಕ್ಕೆ ಅವನು ಮನೆ ಬಿಟ್ಟು, ಲೊಸಾನ್ ಪಕ್ಕದ ಎಕ್ಯುಬ್ಲಾನಲ್ಲಿದ್ದ ರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ ಹೋದ. ಅದು ಫ್ರೆಂಚ್ ಮಾತಾಡುವ ಸೀಮೆ. ಇವನದು ಜರ್ಮನ್. ಬಾಸೆಲ್ ಗಡಿ ಊರು, ಟ್ರಾಮ್ ಹತ್ತಿದರೆ ಫ್ರಾನ್ಸ್‌ಗೇ ಹೋಗಿ ಇಳಿಯಬಹುದು. ಆದರೂ ಹುಡುಗನಿಗೆ ಫ್ರೆಂಚ್ ಅಷ್ಟಕ್ಕಷ್ಟೇ! ಬೆಳಗಾವಿಯ ಮಕ್ಕಳಾದರೆ ಓಣಿಯಲ್ಲಿ ಆಡುತ್ತಲೇ ಕನ್ನಡ, ಮರಾಠಿ ಎರಡನ್ನೂ ಕಲಿತುಬಿಡುತ್ತಾರೆ, ಅಲ್ವಾ? ಶಾಲೆಯ ಪಾಠವೂ ಫ್ರೆಂಚಿನಲ್ಲಿ. ಇದ್ದದ್ದು ಬೇರೆ ಯಾರದೋ ಮನೆಯಲ್ಲಿ. ದೊಡ್ಡ ಹುಡುಗರು ಕಾಡಿಸುತ್ತಿದ್ದರು. ಅತ್ತಿದ್ದಾನೆ, ಆಟವೂ ಹದಗೆಟ್ಟಿದೆ. ಆದರೆ ಶನಿವಾರ-ಭಾನುವಾರಕ್ಕೆ ರೈಲು ಹತ್ತಿ ಮನೆಗೆ ಬರುತ್ತಿದ್ದ. ಎರಡು ಗಂಟೆಯ ಮೇಲಷ್ಟು ದಾರಿ. ಮನೆಯಲ್ಲಿ ಉಂಡು ಮಲಗಿ ಮತ್ತೆ ಹೋಗುತ್ತಿದ್ದ.

ಇದನ್ನು ಇಷ್ಟು ಹೇಳುವುದಕ್ಕೆ ಕಾರಣ ಇದೆ. ಜಮಖಂಡಿಯಲ್ಲಿರುವ ನಮ್ಮ ಅಕ್ಕನ ಮಗ ಈ ವರ್ಷ ವಿಜಯಪುರದ ಸೈಕ್ಲಿಂಗ್ ಹಾಸ್ಟೆಲ್ ಸೇರಿದ್ದಾನೆ. ನಮ್ಮ ಎರಡೂ ಜಿಲ್ಲೆಗಳಿಂದ ಎಷ್ಟು ಸೈಕಲ್ ಪಟುಗಳು ಬಂದಿದ್ದಾರೆ ಅಂತ ನಿಮಗೆ ಹೇಳಬೇಕಿಲ್ಲ. ಅವರಲ್ಲಿ ಜಾಸ್ತಿ ಜನ ಸಣ್ಣ ವಯಸ್ಸಿಗೇ ಮನೆ ಬಿಟ್ಟವರು. ಅಕ್ಕನಿಗೆ ಫೆಡರರ್ ರೈಲಿನ ಕಥೆ ಹೇಳಿ, ಇವನನ್ನೂ ಆಗಾಗ ಕರೆಸಿಕೋ ಅಂದೆ. "ವಾರಾ ವಾರಾ ಮನೀಗೆ ಬಂದ್ರ ಅಂವ ತಿರುಗಿ ಹೋಗೂದಿಲ್ಲೋ ತಮ್ಮಾ" ಅಂದಳು. ಅವಳ ಮಾತಲ್ಲೂ ನ್ಯಾಯ ಇದೆ. ಆದರೂ ನಾನು ರೈಲಿನ ಪಕ್ಷ. ಮನೆ ಬಿಡಿಸಿದರೇ ಮಗ ಗಟ್ಟಿಯಾಗುತ್ತಾನೆ ಅನ್ನುವ ಲೆಕ್ಕ ನನಗೆ ಯಾಕೋ ಒಗ್ಗುವುದಿಲ್ಲ.

ಇನ್ನು ಶಾಂತ ಸ್ವಭಾವದ ಫೆಡರರ್ ಅಂತೀವಲ್ಲ, ಅದು ಆಮೇಲಿನ ಅವತಾರ. ಹುಡುಗನಾಗಿದ್ದಾಗ ರಾಕೆಟ್ ಎಸೆಯುವುದು, ಕೂಗಾಡುವುದು, ಸೋತರೆ ಅಳುವುದು ಎಲ್ಲ ಇತ್ತು. 1997ರಲ್ಲಿ ಆ ತರಬೇತಿ ಕೇಂದ್ರ ಬೀಲ್ ಊರಿಗೆ ಸ್ಥಳಾಂತರವಾಯಿತು. ಅಲ್ಲಿ ಕೋರ್ಟಿನ ಹಿಂದೆ ಹೊಸ ಪರದೆ ಕಟ್ಟಿದ್ದರು. ಇವನು ಸಿಟ್ಟಿನಲ್ಲಿ ಎಸೆದ ರಾಕೆಟ್ ಅದನ್ನೇ ಹರಿಯಿತು. ಶಿಕ್ಷೆ? ಒಂದು ವಾರ ಬೆಳಿಗ್ಗೆ ಬೇಗ ಎದ್ದು ಅಲ್ಲಿನ ಕ್ಲೀನಿಂಗ್ ಕೆಲಸ. ಬೆಳಿಗ್ಗೆ ಏಳುವುದೇ ಆಗದ ಹುಡುಗನಿಗೆ ಇದಕ್ಕಿಂತ ತಕ್ಕ ಶಿಕ್ಷೆ ಇಲ್ಲ.

ಆಟ ತಿದ್ದಿದ್ದು ಪೀಟರ್ ಕಾರ್ಟರ್ ಅನ್ನುವ ಆಸ್ಟ್ರೇಲಿಯಾದ ಕೋಚ್. ಓಲ್ಡ್ ಬಾಯ್ಸ್ ಕ್ಲಬ್ಬಿಗೆ ಆಡಲು ಬಂದವರು, ಇಲ್ಲೇ ನಿಂತು ಮಕ್ಕಳಿಗೆ ಕಲಿಸಿದರು. 1998ರಲ್ಲಿ ಶಿಷ್ಯ ವಿಂಬಲ್ಡನ್ ಜೂನಿಯರ್ ಗೆದ್ದ. ಅದೇ ತಿಂಗಳು ಸ್ವಿಟ್ಜರ್ಲೆಂಡಿನದೇ ಊರು ಗ್ಸ್ಟಾಡ್‌ನಲ್ಲಿ ಹಿರಿಯರ ಜೊತೆ ಮೊದಲ ಪಂದ್ಯ ಆಡಿ ಸೋತ. 2001ರಲ್ಲಿ ವಿಂಬಲ್ಡನ್‌ನಲ್ಲೇ ಹಿಂದಿನ ವರ್ಷದ ಚಾಂಪಿಯನ್ ಪೀಟ್ ಸಾಂಪ್ರಾಸ್‌ನನ್ನು ಸೋಲಿಸಿದ. ಮರುವರ್ಷ ಆಗಸ್ಟಿನಲ್ಲಿ ಕಾರ್ಟರ್ ದಕ್ಷಿಣ ಆಫ್ರಿಕಾದಲ್ಲಿ ವಾಹನ ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಗುರು ಹೋಗಿ ಒಂದು ವರ್ಷ ಆಗುವ ಮೊದಲೇ, 2003ರ ಜುಲೈನಲ್ಲಿ, ಫೆಡರರ್ ವಿಂಬಲ್ಡನ್ ಗೆದ್ದ. ಕಾರ್ಟರ್ ಅಪ್ಪ-ಅಮ್ಮನನ್ನು ಮುಂದೆ ಆಸ್ಟ್ರೇಲಿಯನ್ ಓಪನ್‌ಗೆ ತನ್ನ ಅತಿಥಿಗಳಾಗಿ ಕರೆಸಿಕೊಳ್ಳುತ್ತಿದ್ದ. ಟ್ರೋಫಿಗಳ ಪಟ್ಟಿಗಿಂತ ನನಗೆ ಇದು ದೊಡ್ಡದಾಗಿ ಕಾಣುತ್ತದೆ.

2003ರಲ್ಲಿ ವಿಂಬಲ್ಡನ್ ಗೆದ್ದು ಸೀದಾ ಗ್ಸ್ಟಾಡ್‌ಗೆ ಬಂದವನಿಗೆ ಅಲ್ಲಿನವರು ಕೊಟ್ಟ ಉಡುಗೊರೆ ಏನು ಗೊತ್ತಾ? ಹಾಲು ಕರೆಯುವ ಹಸು, ಹೆಸರು ಜೂಲಿಯೆಟ್. ನಮ್ಮ ಕಡೆ ಕುಸ್ತಿ ಗೆದ್ದವರಿಗೆ ಬೆಳ್ಳಿ ಗದೆ, ಎತ್ತಿನ ಗಾಡಿ ಶರ್ಯತ್ತು ಗೆದ್ದವರಿಗೆ ಬೈಕು ಕೊಡುವ ಹಾಗೆ. 2013ರಲ್ಲಿ ಮತ್ತೆ ಅಲ್ಲಿಗೆ ಆಡಲು ಹೋದಾಗ ಇನ್ನೊಂದು ಹಸು ಕೊಟ್ಟರು. ಆ ಸಲ ಅವನು ಮೊದಲ ಪಂದ್ಯದಲ್ಲೇ ಸೋತ. ಹಸು ಮಾತ್ರ ಅವನದೇ.