ಮಲೆನಾಡಿನ ಮಳೆಗಾಲ ಮತ್ತು ವ್ಯಾನ್ ಮನೆ: ಸೋರುವ ನೀರಿಗಿಂತ ಒಳಗೇ ಹುಟ್ಟುವ ನೀರು

ಟಿಟಿಯನ್ನೋ (ಟೆಂಪೊ ಟ್ರಾವೆಲರ್) ಇನ್ನೊಂದು ವ್ಯಾನನ್ನೋ ಮನೆ ಮಾಡಿಕೊಂಡು ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲ ಕಳೆಯಲು ಹೊರಟವರ ಮೊದಲ ಪ್ರಶ್ನೆ, 'ಮೇಲಿಂದ ಸೋರಲ್ವಾ?' ಸೋರಿಕೆ ಕಣ್ಣಿಗೆ ಕಾಣುತ್ತೆ, ಹುಡುಕಿ ಮುಚ್ಚಬಹುದು. ಆರಿದ್ರಾದಿಂದ ಆಶ್ಲೇಷದವರೆಗೆ ಹಾಸಿಗೆ, ಪ್ಲೈವುಡ್, ತಗಡು ಎಲ್ಲವನ್ನೂ ಸದ್ದಿಲ್ಲದೆ ತಿನ್ನುವುದು ನಾವೇ ಒಳಗೆ ತಯಾರಿಸುವ ನೀರು.

ಲೆಕ್ಕ ಹಾಕಿ. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಕೆಜಿ ನೀರಾವಿ ಹುಟ್ಟುತ್ತದೆ. 5 ಕೆಜಿಯ ಸಣ್ಣ ಸಿಲಿಂಡರ್ ಮುಗಿಯುವಷ್ಟರಲ್ಲಿ 8 ಲೀಟರ್ ನೀರು ವ್ಯಾನಿನ ಗಾಳಿಗೆ ಸೇರಿಯಾಯಿತು. ಅನ್ನ, ಸಾರು, ಬಿಸಿನೀರಿನ ಹಬೆ ಬೇರೆ. ಇಬ್ಬರು ಮಲಗಿದರೆ ಉಸಿರು, ಬೆವರಿನಿಂದಲೇ ಬೆಳಗಾಗುವುದರೊಳಗೆ ಅರ್ಧ ಲೀಟರ್. ಹಿಂಡಿದ ಜೀನ್ಸ್ ಪ್ಯಾಂಟೊಂದನ್ನು ಒಳಗೆ ನೇತುಹಾಕಿದರೆ ಇನ್ನರ್ಧ ಲೀಟರ್. ಇದೆಲ್ಲ ಹೋಗಿ ಕೂರುವುದು ಅತಿ ತಣ್ಣಗಿರುವ ಜಾಗದಲ್ಲಿ: ಕಿಟಕಿ ಗಾಜು, ಬಾಗಿಲಿನ ಚೌಕಟ್ಟು, ಹಾಸಿಗೆಯ ತಳ, ಒಳಗೋಡೆಯ ಪ್ಯಾನಲ್ ಹಿಂದಿನ ತಗಡು. ಬೂಷ್ಟು ಶುರುವಾಗುವುದೂ ಅಲ್ಲೇ.

ಹೊರಗೇ ಇಷ್ಟು ತೇವ ಇರುವಾಗ ಕಿಟಕಿ ತೆಗೆದು ಏನು ಬಂತು ಅನ್ನಿಸಬಹುದು. ಬರುತ್ತದೆ. ಹೊರಗೆ 20 ಡಿಗ್ರಿ, ತೇವಾಂಶ ಶೇ. 95 ಇದೆ ಅಂದುಕೊಳ್ಳಿ. ಅದೇ ಗಾಳಿ ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ತೇವಾಂಶ ಶೇ. 75ಕ್ಕೆ ಇಳಿಯುತ್ತದೆ. ಕಿಟಕಿ ಜಡಿದು ಕೂತ ವ್ಯಾನಿನಲ್ಲಿ ತೇವಾಂಶದ ಮುಳ್ಳು 90ರ ಮೇಲೇ ನಿಂತಿರುತ್ತದೆ. ಶೇ. 80 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಬೂಷ್ಟು ಖಚಿತ. ತೇವಾಂಶ ಅಳೆಯುವ ಹೈಗ್ರೋಮೀಟರ್ ಒಂದನ್ನು ಹಾಸಿಗೆಯ ಕೆಳಗೇ ಇಡಿ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಅದು ಹೇಳುವುದು ಅಲ್ಲಿನ ಕಥೆ ಮಾತ್ರ.

ಹಾಗಾಗಿ ಅಡುಗೆ ಮಾಡುವಾಗ ಮತ್ತು ಮುಗಿದ ಮೇಲೆ ಇಪ್ಪತ್ತು ನಿಮಿಷ ರೂಫ್ ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳುತ್ತಿರಲಿ. ಅದಕ್ಕೆ ಎದುರು ತುದಿಯಲ್ಲಿ, ನೆಲಮಟ್ಟದಲ್ಲಿ, ಗಾಳಿ ಒಳಬರುವ ಕಿಂಡಿ ಇರಲೇಬೇಕು. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಮಡುಗಟ್ಟುತ್ತದೆ, ಅದು ಹೊರಹೋಗಲು ಸಿಲಿಂಡರ್ ಗೂಡಿನ ತಳಕ್ಕೂ ಬೇರೆ ಕಿಂಡಿ ಬೇಕು. ಹಾಸಿಗೆಯನ್ನು ಪ್ಲೈವುಡ್ ಮೇಲೆ ನೇರ ಹಾಕಬೇಡಿ. ಎರಡು ಬೆರಳು ಸಂದು ಬಿಟ್ಟ ಪಟ್ಟಿಗಳ ಮೇಲೆ ಹಾಕಿ, ಬೆಳಿಗ್ಗೆ ಎದ್ದವರೇ ಗೋಡೆಗೆ ಒರಗಿಸಿ ನಿಲ್ಲಿಸಿ. ತಗಡಿನ ತಂಪು ಒಳಗೆ ತಾಗದಂತೆ ಅದಕ್ಕೆ ನೈಟ್ರೈಲ್ ರಬ್ಬರ್ ಶೀಟನ್ನು ಸಂದಿಲ್ಲದಂತೆ ಅಂಟಿಸುವುದು ಸರಿ. ಗ್ಲಾಸ್ ವೂಲ್ ತುಂಬಿದರೆ ಅದು ನೀರು ಕುಡಿದು ಅಲ್ಲೇ ಕೂರುತ್ತದೆ. ಒಳಗಿನಿಂದ ತುಕ್ಕು ಹಿಡಿದದ್ದು ಪೇಂಟ್ ಉಬ್ಬುವವರೆಗೂ ಗೊತ್ತಾಗುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ. ವ್ಯಾನಿನಲ್ಲಿ ಆ ಕೆಲಸಕ್ಕೆ 2 ಕಿಲೋವ್ಯಾಟ್‌ನ ಡೀಸೆಲ್ ಹೀಟರ್ ಇದೆ. ಇದು ಉರಿಯಲು ಬೇಕಾದ ಗಾಳಿಯನ್ನು ಹೊರಗಿಂದ ಎಳೆದು, ಹೊಗೆಯನ್ನೂ ಹೊರಗೇ ಬಿಡುತ್ತದೆ. ಒಳಗೆ ಬರುವುದು ಒಣ ಬಿಸಿಗಾಳಿ. ಗಂಟೆಗೆ ಸುಮಾರು 100ರಿಂದ 250 ಮಿ.ಲೀ. ಡೀಸೆಲ್. ಹೊತ್ತಿಕೊಳ್ಳುವಾಗ ಕೆಲವು ನಿಮಿಷ ಬ್ಯಾಟರಿಯಿಂದ 10 ಆಂಪ್ ಆಸುಪಾಸು ಎಳೆಯುತ್ತದೆ, ಆಮೇಲೆ 1-2 ಆಂಪ್. ಸದಾ ಸಣ್ಣ ಉರಿಯಲ್ಲೇ ಇಟ್ಟರೆ ಮಸಿ ಕಟ್ಟಿ ಕೈಕೊಡುತ್ತದೆ. ದಿನಕ್ಕೊಮ್ಮೆ ಅರ್ಧ ಗಂಟೆ ಪೂರ್ತಿ ಉರಿಯಲಿ. ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ವ್ಯಾನಿನೊಳಗೆ ತರಲೇಬೇಡಿ. ಕೆಂಡ ಬಿಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ. ಡೀಸೆಲ್ ಹೀಟರ್ ಇದ್ದರೂ ಈ ಅನಿಲ ಪತ್ತೆಹಚ್ಚುವ ಅಲಾರಂ ಇರಲಿ.

ಇನ್ನು ನಿಜವಾದ ಸೋರಿಕೆ. ನೀರು ಇಳಿಯುವ ಜಾಗವೇ ಬೇರೆ, ಕಾಣುವ ಜಾಗವೇ ಬೇರೆ. ಹುಡುಕಲು ರೂಫ್ ಫ್ಯಾನನ್ನು ಗಾಳಿ ಒಳಗೆ ಎಳೆಯುವ ಹಾಗೆ ತಿರುಗಿಸಿ, ಬಾಗಿಲು, ಕಿಟಕಿ, ಕಿಂಡಿ ಎಲ್ಲ ಮುಚ್ಚಿ, ಹೊರಗೆ ಮೇಲೆ ಹತ್ತಿ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ತೂತು. ಸೋಲಾರ್ ಬ್ರಾಕೆಟ್‌ನ ಬೋಲ್ಟ್, ವೈರ್ ಒಳಬರುವ ಗ್ಲ್ಯಾಂಡ್, ಫ್ಯಾನಿನ ಅಂಚು, ಸಾಮಾನ್ಯವಾಗಿ ಈ ಮೂರರಲ್ಲೇ ಸಿಗುತ್ತದೆ. ಹಳೆಯ ಸಿಲಿಕೋನ್ ಮೇಲೆ ಹೊಸದನ್ನು ಬಳಿಯುವುದು ದಂಡ, ಸಿಲಿಕೋನ್ ಮೇಲೆ ಏನೂ ಹಿಡಿಯುವುದಿಲ್ಲ. ಬ್ಲೇಡಿನಿಂದ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪಾಲಿಯುರೆಥೇನ್ ಸೀಲೆಂಟ್ ಹಾಕಿ. ವಿನೆಗರ್ ವಾಸನೆಯ ಅಗ್ಗದ ಸಿಲಿಕೋನ್ ತಗಡಿಗೆ ತುಕ್ಕು ಹಿಡಿಸುತ್ತದೆ. ಈ ಕೆಲಸವನ್ನು ಏಪ್ರಿಲ್-ಮೇನಲ್ಲೇ ಮುಗಿಸಬೇಕು. ಜಡಿಮಳೆಯ ನಡುವೆ ಆಗುವುದು ಬ್ಯೂಟೈಲ್ ಟೇಪಿನ (ರಬ್ಬರಿನ ಅಂಟುಪಟ್ಟಿ) ತೇಪೆ ಮಾತ್ರ, ಅದಕ್ಕೂ ತಗಡು ಒಣಗಿರಬೇಕು.

ಕರೆಂಟಿನ ವಿಷಯ. 12 ವೋಲ್ಟ್ ಫ್ರಿಜ್‌ಗೆ ದಿನಕ್ಕೆ 30 ಆಂಪಿಯರ್-ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್), ಫ್ಯಾನಿಗೆ 12, ಲೈಟು, ಮೊಬೈಲ್, ಲ್ಯಾಪ್‌ಟಾಪ್‌ಗೆ 20. ಒಟ್ಟು 60ರ ಆಸುಪಾಸು. ಫೆಬ್ರವರಿಯಲ್ಲಿ 400 ವ್ಯಾಟ್ ಸೋಲಾರ್ ಇದನ್ನು ಆರಾಮಾಗಿ ತುಂಬುತ್ತದೆ. ಪುಷ್ಯ ಮಳೆಯಲ್ಲಿ ಕಾಲು ಭಾಗ ಬಂದರೆ ಪುಣ್ಯ. ಇಂಡಕ್ಷನ್ ಒಲೆ ಇಟ್ಟರೆ ಗ್ಯಾಸಿನ ನೀರಾವಿ ತಪ್ಪುತ್ತದೆ ನಿಜ, ಆದರೆ 1000 ವ್ಯಾಟ್ ಒಂದು ಗಂಟೆ ಓಡಿದರೆ 90 ಆಂಪಿಯರ್-ಅವರ್ ಮಾಯ. ಮಳೆಗಾಲದಲ್ಲಿ ಅದು ನಡೆಯದ ಮಾತು.

ನಮ್ಮ ಜಿಲ್ಲೆಗಳ ಭೂಗೋಳವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮೂಡಿಗೆರೆಯಲ್ಲಿ ಧೋ ಎಂದು ಸುರಿಯುವಾಗಲೂ ಕಡೂರು, ಅರಸೀಕೆರೆ ಕಡೆ ಬಿಸಿಲು ಬಿದ್ದಿರುತ್ತದೆ. ಮೂಡಿಗೆರೆಯಿಂದ ಕಡೂರಿಗೆ ಸುಮಾರು 70 ಕಿ.ಮೀ., ಎರಡು ಗಂಟೆ. 30 ಆಂಪ್‌ನ ಡಿಸಿ-ಡಿಸಿ ಚಾರ್ಜರ್ (ವ್ಯಾನ್ ಓಡುವಾಗ ಇಂಜಿನ್ ಕಡೆಯ ಕರೆಂಟನ್ನು ಮನೆಯ ಬ್ಯಾಟರಿಗೆ ಹದವಾಗಿ ತುಂಬುವ ಸಾಧನ) ಇದ್ದರೆ ದಾರಿಯಲ್ಲೇ 60 ಆಂಪಿಯರ್-ಅವರ್, ಅಂದರೆ ಒಂದು ದಿನದ ಖರ್ಚು ವಾಪಸ್. ಅಲ್ಲಿ ಒಂದೆರಡು ದಿನ ಹಾಸಿಗೆ ಬಿಸಿಲಿಗೆ ಹಾಕಿ ಬಂದರಾಯಿತು. ಚಾರ್ಜರ್ ಇಲ್ಲದೆ ಲಿಥಿಯಂ ಬ್ಯಾಟರಿಯನ್ನು, ಇಂಜಿನ್ ಜೊತೆ ತಿರುಗಿ ಕರೆಂಟು ಕೊಡುವ ಆಲ್ಟರ್ನೇಟರ್‌ಗೆ ನೇರ ಕೊಟ್ಟರೆ ಅದು ಮಿತಿಯಿಲ್ಲದೆ ಎಳೆದು ಆಲ್ಟರ್ನೇಟರ್ ಸುಟ್ಟೀತು. ವೈರಿನಲ್ಲಿ ಜಿಪುಣತನ ಬೇಡ: 5 ಮೀಟರ್ ದೂರಕ್ಕೆ 6 ಚದರ ಮಿ.ಮೀ. ವೈರ್ ಎಳೆದರೆ ಹೋಗಿಬರುವ ದಾರಿಯಲ್ಲೇ 1 ವೋಲ್ಟ್ ಸೋರಿಹೋಗುತ್ತದೆ. 16 ಚದರ ಮಿ.ಮೀ. ಹಾಕಿ, ಇಂಜಿನ್ ಬ್ಯಾಟರಿ, ಮನೆಯ ಬ್ಯಾಟರಿ ಎರಡರ ಪಕ್ಕದಲ್ಲೂ 50 ಆಂಪ್ ಫ್ಯೂಸ್ ಇಡಿ.

ನಿಲ್ಲಿಸಲು ತೋಟದವರನ್ನು ಕೇಳಿಕೊಂಡರೆ ಕಾಫಿ ಕಣಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಯ್ಲು ನವೆಂಬರ್ ಮೇಲೆ, ಹಾಗಾಗಿ ಮಳೆಗಾಲದಲ್ಲಿ ಕಣ ಖಾಲಿ. ನೆಲ ಗಟ್ಟಿ, ಮೇಲೆ ಮರವಿಲ್ಲ, ಇಂಬಳವೂ (ಜಿಗಣೆ) ಕಡಿಮೆ. ಸಿಲ್ವರ್ ಓಕ್ ಕೆಳಗೆ ನಿಲ್ಲಿಸಬೇಡಿ. ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ, ಎಲೆ ವೈಪರ್ ಕೆಳಗಿನ ಗಟಾರದಲ್ಲಿ ತುಂಬಿ ನೀರು ಕ್ಯಾಬಿನ್ ಒಳಗೇ ಇಳಿಯುತ್ತದೆ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಆನೆ ಓಡಾಡುವ ಸೀಮೆ. ಹಲಸಿನ ಹಣ್ಣು, ಬಾಳೆಗೊನೆ ಒಳಗಿಟ್ಟುಕೊಂಡು ಮಲಗುವ ಧೈರ್ಯ ಬೇಡ.

ಹಳ್ಳದ ನೀರು ತುಂಬಿಸುವವರು ಟ್ಯಾಂಕನ್ನು ತಿಂಗಳಿಗೊಮ್ಮೆ ತೊಳೆಯಿರಿ: 100 ಲೀಟರ್‌ಗೆ ಶೇ. 5ರ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 100 ಮಿ.ಲೀ., ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವವರೆಗೆ ಹರಿಸಿ, ರಾತ್ರಿಯಿಡೀ ಬಿಟ್ಟು, ಪೂರ್ತಿ ಚೆಲ್ಲಿ, ವಾಸನೆ ಹೋಗುವ ತನಕ ಒಳ್ಳೆಯ ನೀರಿನಲ್ಲಿ ತೊಳೆಯಿರಿ. ನಲ್ಲಿ ಮುಚ್ಚಿದ್ದರೂ ಪಂಪ್ ಆಗಾಗ ಟರ್ ಅಂದರೆ ಎಲ್ಲೋ ಜಾಯಿಂಟ್ ಸೋರುತ್ತಿದೆ, ಇಲ್ಲವೇ ಪಂಪಿನ ವಾಲ್ವ್‌ನಲ್ಲಿ ಮರಳು ಸಿಕ್ಕಿದೆ. ಮೊದಲು ಪಂಪಿನ ಸ್ಟ್ರೈನರ್ (ಕಸ ತಡೆಯುವ ಜರಡಿ) ಬಿಚ್ಚಿ ನೋಡಿ.

ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವ ಮೊದಲು ಬ್ರೇಕ್ ಆಯಿಲ್ ನೆನಪಿರಲಿ. ಅದೂ ಗಾಳಿಯ ತೇವ ಹೀರುತ್ತದೆ. ನೀರು ಸೇರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲೇ ಇಳಿಸಿ.