ಮೇಲಿದ್ದವರು ಯಾಕೆ ಸೋತರು?

ಹೋದ ಭಾನುವಾರ ಅಕ್ಕನ ಮಗನನ್ನು ಕರೆದುಕೊಂಡು ನಂದಿ ಬೆಟ್ಟ ಹತ್ತಿದೆ. ಗಾಡಿಯಲ್ಲಲ್ಲ, ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ. ಭಾನುವಾರ ಬೆಳಗ್ಗೆ ಬೆಂಗಳೂರಿನ ಕಾರುಗಳ ಸಾಲು ನೋಡಿದರೆ ಚಿಕ್ಕಬಳ್ಳಾಪುರದವರು ಆ ರಸ್ತೆ ಕಡೆ ತಲೆ ಹಾಕೋದೇ ಬೇಡ ಅನ್ನಿಸುತ್ತದೆ. ಅರ್ಧ ಹತ್ತುವಷ್ಟರಲ್ಲಿ ನನಗೆ ಏದುಸಿರು. ಹುಡುಗ ಮಾತ್ರ ಕೆಳಗೆ ಬಗ್ಗಿ ನೋಡುತ್ತಾ, "ಮಾಮ, ಇಲ್ಲಿಂದ ಒಂದು ಕಲ್ಲು ಉರುಳಿಸಿದ್ರೆ ಸಾಕಲ್ವಾ? ಮೇಲಿದ್ದೋರು ಹೆಂಗೆ ಸೋತ್ರು?" ಅಂದ.

ಅವನು ಕೇಳಿದ್ದು 1791ರ ಅಕ್ಟೋಬರ್ ಬಗ್ಗೆ. ಟಿಪ್ಪುವಿನ ಕೈಲಿದ್ದ ಈ ಕೋಟೆಗೆ ಬ್ರಿಟಿಷರ ಕಾರ್ನ್‌ವಾಲಿಸ್ ಕಳಿಸಿದ ಸೈನ್ಯ ಸುಮಾರು ಮೂರು ವಾರ ಮುತ್ತಿಗೆ ಹಾಕಿತು. ಫಿರಂಗಿಗಳನ್ನು ಮೇಲಕ್ಕೆ ಎಳೆದು, ಗೋಡೆ ಒಡೆದು ನುಗ್ಗಿತು. ಫಿರಂಗಿ ಅಂದ ತಕ್ಷಣ ಹುಡುಗನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ, ಯಾಕಂದ್ರೆ ಫಿರಂಗಿಯೇ ಇಲ್ಲದ ಕಾಲದಲ್ಲಿ ಬೆಟ್ಟದ ಮೇಲಿದ್ದವರು ಸೋತ ಕಥೆಯೊಂದು ಒಂದು ತಿಂಗಳಿಂದ ನನ್ನ ತಲೆಯಲ್ಲಿ ಕೂತಿದೆ.

ಅದು ಗಾಲ್ ನಾಡಿನ ಕಥೆ. ಈಗಿನ ಫ್ರಾನ್ಸ್ ಅನ್ನಿ. ಅಲ್ಲಿದ್ದ ಕೆಲ್ಟ್ ಬುಡಕಟ್ಟುಗಳು ಒಂದಲ್ಲ ಎರಡಲ್ಲ, ಹತ್ತಾರು. ತಮ್ಮತಮ್ಮಲ್ಲೇ ದಾಯಾದಿ ಜಗಳ. ರೋಮ್‌ನ ಸೇನಾಪತಿ ಜೂಲಿಯಸ್ ಸೀಸರ್ ಕ್ರಿ.ಪೂ. 58ರಿಂದ ಒಂದೊಂದನ್ನೇ ಮುರಿಯುತ್ತಾ ಬಂದಿದ್ದ. ಕ್ರಿ.ಪೂ. 52ರಲ್ಲಿ ಅರ್ವರ್ನಿ ಬುಡಕಟ್ಟಿನ ವರ್ಸಿಂಗೆಟೋರಿಕ್ಸ್ ಎಂಬ ಯುವಕ ಅವರಲ್ಲಿ ಹೆಚ್ಚಿನವರನ್ನು ಸೇರಿಸಿದ. ರಾಜನಾಗಲು ಹೊರಟನೆಂದು ಅವನ ಅಪ್ಪನನ್ನು ಸ್ವಂತ ಜನರೇ ಕೊಂದಿದ್ದರು. ಇವನನ್ನೂ ಚಿಕ್ಕಪ್ಪನೇ ಊರಿಂದ ಓಡಿಸಿದ. ಹೊರಗೆ ಹೋಗಿ ಜನ ಕಟ್ಟಿಕೊಂಡು ವಾಪಸ್ ಬಂದ.

ಅವನ ತಲೆ ಚೆನ್ನಾಗಿತ್ತು. ರೋಮನ್ನರ ಎದುರು ನಿಂತು ಹೊಡೆದಾಡಿದರೆ ಆಗಲ್ಲ, ಅವರ ಹೊಟ್ಟೆಗೆ ಹೊಡೆಯಬೇಕು ಅಂದ. ಬಿಟುರಿಗೆಸ್ ಎಂಬ ಬುಡಕಟ್ಟಿನ ಜನ ಒಂದೇ ದಿನ ತಮ್ಮದೇ ಇಪ್ಪತ್ತಕ್ಕೂ ಹೆಚ್ಚು ಊರುಗಳಿಗೆ ಬೆಂಕಿ ಇಟ್ಟರು, ಸೀಸರನಿಗೆ ಒಂದು ಕಾಳೂ ಸಿಗಬಾರದು ಅಂತ. ಆದರೆ ಅವಾರಿಕಂ ಎಂಬ ಚೆಂದದ ಪಟ್ಟಣವನ್ನು ಸುಡಬೇಡಿ ಎಂದು ಕಾಲಿಗೆ ಬಿದ್ದರು, ಇವನು ಮನಸ್ಸಿಲ್ಲದೆ ಒಪ್ಪಿದ. ಸೀಸರ್ ನೇರ ಅಲ್ಲಿಗೇ ಹೋದ. ಒಳಗಿದ್ದ 40,000 ಜನರಲ್ಲಿ ಉಳಿದದ್ದು 800 ಮಂದಿ. ಈ ಲೆಕ್ಕವೆಲ್ಲ ಸೀಸರನೇ ಬರೆದದ್ದು, ಗೆದ್ದವನ ಲೆಕ್ಕ, ಉಪ್ಪು ಖಾರ ಹಚ್ಚಿರುತ್ತಾನೆ. ತನ್ನನ್ನೇ ಬೇರೆ ಯಾರೋ ಎಂಬಂತೆ 'ಸೀಸರ್ ಹೀಗೆ ಮಾಡಿದನು' ಎಂದು ಬರೆದುಕೊಂಡ ಆಸಾಮಿ ಅವನು!

ಆಮೇಲೆ ಗರ್ಗೋವಿಯಾ. ಅದು ನಿಜವಾಗಲೂ ಬೆಟ್ಟದ ಮೇಲಿನ ಊರು. ಕೆಳಗಿಂದ ನುಗ್ಗಿದ ರೋಮನ್ನರಲ್ಲಿ ಸುಮಾರು 700 ಜನ ಸತ್ತರು, ಅದರಲ್ಲಿ 46 ಮಂದಿ ನಾಯಕರು. ಹುಡುಗನ ಲೆಕ್ಕಾಚಾರ ಇಲ್ಲಿ ಸರಿಹೋಯಿತು, ಮೇಲಿದ್ದವರೇ ಗೆದ್ದರು.

ಮುಂದೆ ಅಲೇಸಿಯಾ. ತನ್ನ ಕುದುರೆ ದಂಡು ಸೋತಿತೆಂದು ವರ್ಸಿಂಗೆಟೋರಿಕ್ಸ್ ಅಲ್ಲಿಯ ಗುಡ್ಡ ಹತ್ತಿ ಕೂತ. ಊರೂರು ಸುಟ್ಟು ಗೆಲ್ಲುತ್ತಿದ್ದವನು ತಾನೇ ಒಂದು ಊರೊಳಗೆ ಸಿಕ್ಕಿಬಿದ್ದ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಸೀಸರ್ ಗುಡ್ಡ ಹತ್ತಲೇ ಇಲ್ಲ. ಸುತ್ತಲೂ ಸುಮಾರು 16 ಕಿಲೋಮೀಟರ್ ಕೋಟೆ ಕಟ್ಟಿದ. ಹೊರಗಿಂದ ಸಹಾಯಕ್ಕೆ ಬರುವವರನ್ನು ತಡೆಯಲು ಅದರ ಆಚೆ 21 ಕಿಲೋಮೀಟರಿನ ಇನ್ನೊಂದು ಸುತ್ತು. ಎರಡರ ಮುಂದೂ ಕಂದಕ, ಮುಳ್ಳು, ಮೂರಡಿ ಗುಂಡಿಗಳು. ಒಂದೊಂದು ಗುಂಡಿಯಲ್ಲೂ ತೊಡೆ ಗಾತ್ರದ ಗೂಟ, ತುದಿ ಚೂಪು ಮಾಡಿ ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ್ದು, ಮೇಲೆ ಸೊಪ್ಪುಸದೆ ಮುಚ್ಚಿದ್ದು. ಸೈನಿಕರು ಅದಕ್ಕೆ ಇಟ್ಟ ಹೆಸರು ಲಿಲ್ಲಿ ಹೂವು.

ಮೇಲೆ 80,000 ಸೈನಿಕರು. ಕಾಳು ಇದ್ದದ್ದು ಬರೀ 30 ದಿನಕ್ಕೆ.

ಕೆಲ್ಟ್ ಜನರಿಗೆ ಕಾಳು ಇಡೋದು ಗೊತ್ತಿರಲಿಲ್ಲ ಅಂತಲ್ಲ. ನಮ್ಮ ಹಗೇವು, ಅಂದ್ರೆ ಕಾಳು ತುಂಬಿಡುವ ನೆಲದೊಳಗಿನ ಕಣಜ ಇದೆಯಲ್ಲ, ಅದೇ ಥರದ ಗುಂಡಿಗಳು ಇಂಗ್ಲೆಂಡಿನ ಡೇನ್‌ಬರಿ ಎಂಬ ಗುಡ್ಡದ ಕೋಟೆಯೊಂದರಲ್ಲೇ ಸಾವಿರಾರು ಸಿಕ್ಕಿವೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿದರೆ ಅಂಚಿನ ಕಾಳು ಸ್ವಲ್ಪ ಮೊಳೆತು ಒಳಗಿನ ಗಾಳಿಯನ್ನೆಲ್ಲ ಉಪಯೋಗಿಸಿಬಿಡುತ್ತದೆ. ಉಳಿದದ್ದು ಹುಳ ಹಿಡಿಯದೆ ಉಳಿಯುತ್ತದೆ. ಶಿಡ್ಲಘಟ್ಟದ ಕಡೆ ನಮ್ಮಜ್ಜಿ ಊರಿನಲ್ಲಿ ಹಗೇವು ತೆಗೆದರೆ ಮೊದಲು ದೀಪ ಇಳಿಸುತ್ತಿದ್ದರಂತೆ. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ರಾಗಿ ಅಳೆಯುವಾಗ ಅಜ್ಜಿ 'ಒಂದು' ಅನ್ನುತ್ತಲೇ ಇರಲಿಲ್ಲ. ಮೊದಲ ಸೇರಿಗೆ 'ಲಾಭ', ಆಮೇಲೆ ಎರಡು, ಮೂರು.

ಅಲೇಸಿಯಾದಲ್ಲಿ ಲಾಭದ ಮಾತೇ ಇರಲಿಲ್ಲ. ಕಾಳನ್ನೆಲ್ಲ ತಂದು ಒಪ್ಪಿಸಿ, ಬಚ್ಚಿಟ್ಟರೆ ಸಾವು ಅಂತ ಅಪ್ಪಣೆಯಾಯಿತು. ಆ ಊರಿನ ಮೂಲ ಜನ ಮಾಂಡುಬಿಗಳು. ಅವರು ಹೊಡೆದುಕೊಂಡು ಬಂದಿದ್ದ ದನಗಳನ್ನು ಸೈನಿಕರಿಗೆ ತಲೆಗಿಷ್ಟು ಅಂತ ಹಂಚಿದರು. ದಿನ ಕಳೆದು ಕಾಳು ಮುಗಿದಾಗ, ಯಾರನ್ನು ಊರಿಂದಾಚೆ ಅಟ್ಟಿದರು ಗೊತ್ತಾ? ಅದೇ ಮಾಂಡುಬಿಗಳನ್ನು, ಹೆಂಡತಿ ಮಕ್ಕಳ ಸಮೇತ. ಅವರು ರೋಮನ್ನರ ಗೋಡೆ ಹತ್ತಿರ ಹೋಗಿ, ಗುಲಾಮರಾಗಿಯಾದರೂ ಸೇರಿಸಿಕೊಳ್ಳಿ, ಊಟ ಕೊಡಿ ಎಂದು ಅತ್ತರು. ಸೀಸರ್ ಕಾವಲು ಇಟ್ಟು, ಒಳಗೆ ಬಿಡಬೇಡಿ ಅಂದ. ಮೇಲೆ ತಮ್ಮದೇ ಊರು, ಕೆಳಗೆ ಗೋಡೆ. ಸೀಸರನ ಬರವಣಿಗೆಯಲ್ಲಿ ಅವರು ಅಲ್ಲಿಗೇ ಮಾಯ. ಇನ್ನೂರು ವರ್ಷಕ್ಕೂ ಮೇಲೆ ಬಂದ ಕ್ಯಾಸಿಯಸ್ ಡಿಯೋ ಎಂಬ ಇತಿಹಾಸಕಾರ, ಊರಿಗೂ ಪಾಳೆಯಕ್ಕೂ ನಡುವೆಯೇ ಸತ್ತರು ಎಂದು ಬರೆದ.

ಸಹಾಯಕ್ಕೆ ಬಂದ ಭಾರೀ ದಂಡೂ ಹೊರಗೋಡೆ ಒಡೆಯಲಾಗದೆ ಚದುರಿತು. ವರ್ಸಿಂಗೆಟೋರಿಕ್ಸ್ ಶರಣಾದ. ಕ್ರಿ.ಪೂ. 46ರಲ್ಲಿ ರೋಮ್‌ನಲ್ಲಿ ಅವನನ್ನು ಮೆರವಣಿಗೆ ಮಾಡಿ ಕೊಂದರು. 1865ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಅಲೇಸಿಯಾದ ಗುಡ್ಡದ ಮೇಲೆ ಅವನ ದೊಡ್ಡ ಪ್ರತಿಮೆ ನಿಲ್ಲಿಸಿದ, ಮುಖ ಮಾತ್ರ ಥೇಟ್ ನೆಪೋಲಿಯನ್ನನದೇ ಅಂತಾರೆ. ನಮ್ಮ ಕಡೆ ಸರ್ಕಲ್‌ಗಳಲ್ಲೂ ಅಂಥ ಪ್ರತಿಮೆಗಳಿಗೆ ಬರವಿಲ್ಲ ಬಿಡಿ.

ಇಳಿಯುವಾಗ ಹುಡುಗನಿಗೆ ಕಥೆ ಹೇಳಿದೆ. ಅವನಿಗೆ ಹಿಡಿಸಿದ್ದು ಲಿಲ್ಲಿ ಗುಂಡಿ ಒಂದೇ. ಗೂಟ ಎಷ್ಟುದ್ದ, ಕಾಲಿಗೆ ಚುಚ್ಚುತ್ತಾ ಹೊಟ್ಟೆಗಾ ಅಂತ ಕೆಳಗೆ ಎಳನೀರು ಕುಡಿಯುವವರೆಗೂ ಕೇಳಿದ್ದೇ ಕೇಳಿದ್ದು. ಮಾಂಡುಬಿಗಳ ವಿಷಯ ಹೇಳಲಿಲ್ಲ. ಇನ್ನೂ ಆರನೇ ಕ್ಲಾಸು.